ಶಿರಸಿಯಲ್ಲಿ ಸರ್ವರ್ ಪರ್ಮಿಷನ್ ರಿಪೇರಿ: ಕರೆಸಬಹುದಾ, ಬೇಡವಾ?

ಕರೆಸಬಹುದು. ಪೂರ್ತಿ ಓದುವ ಪುರುಸೊತ್ತು ಎಲ್ಲರಿಗೂ ಇರುವುದಿಲ್ಲ, ಅದಕ್ಕೆ ಮೊದಲೇ ಹೇಳಿಬಿಟ್ಟೆ. ಐದಕ್ಕೆ ನಾಲ್ಕು ಸ್ಟಾರ್. ಒಂದು ಸ್ಟಾರ್ ಕಳೆದದ್ದು ಕೆಲಸಕ್ಕಲ್ಲ, ಬೇರೆ ಕಾರಣಕ್ಕೆ. ಅದನ್ನು ಆಮೇಲೆ ಹೇಳುತ್ತೇನೆ.

ಯಲ್ಲಾಪುರ ನಾಕಾ ಕಡೆ ಇರುವ ಸಣ್ಣ ಕಂಪ್ಯೂಟರ್ ಅಂಗಡಿ. ಇರುವುದು ಇಬ್ಬರೇ. ಹೆಸರು ಹಾಕಬೇಡಿ, ಈಗ ಬರುವ ಫೋನೇ ಎತ್ತಲು ಆಗುತ್ತಿಲ್ಲ ಅಂದಿದ್ದಾರೆ, ಹಾಗಾಗಿ ಹಾಕುತ್ತಿಲ್ಲ. ಹೊರಗಿಂದ ನೋಡಿದರೆ ಟೋನರ್ ತುಂಬಿಸಿಕೊಡುವ, ಲ್ಯಾಪ್‌ಟಾಪಿಗೆ ರ‍್ಯಾಮ್ ಹಾಕಿಕೊಡುವ ಅಂಗಡಿ ಅಷ್ಟೇ. ಒಳಗೆ ಸರ್ವರ್ ಗೊತ್ತಿರುವ ಹುಡುಗ ಒಬ್ಬ ಇದ್ದಾನೆ ಅನ್ನುವುದು ಬೋರ್ಡ್ ನೋಡಿದರೆ ಗೊತ್ತಾಗುವುದಿಲ್ಲ.

ನಮ್ಮದು ಟ್ಯಾಕ್ಸ್ ಮತ್ತು ಆಡಿಟ್ ಆಫೀಸ್. ಅಡಿಕೆ ವ್ಯಾಪಾರಿಗಳು, ಹಳ್ಳಿ ಹಳ್ಳಿಯ ಸೊಸೈಟಿಗಳು, ಕುಮಟಾ ಕಡೆಯ ಒಂದಿಷ್ಟು ಮೀನು ಮತ್ತು ಐಸ್ ಫ್ಯಾಕ್ಟರಿಯವರು, ಎಲ್ಲರ ಲೆಕ್ಕವೂ ಒಂದೇ ವಿಂಡೋಸ್ ಸರ್ವರ್‌ನ ಒಂದೇ ಡಿ ಡ್ರೈವ್‌ನಲ್ಲಿ. ಮೇಲೆ ಒಂದು ದೊಡ್ಡ ಫೋಲ್ಡರ್, ಅದರೊಳಗೆ ಒಬ್ಬೊಬ್ಬ ಪಾರ್ಟಿಗೆ ಒಂದೊಂದು, ಅದರೊಳಗೆ ವರ್ಷವಾರು. ಪಕ್ಕದಲ್ಲೇ ಸ್ಕ್ಯಾನ್ ಫೋಲ್ಡರ್. ಸಂಬಳದ ಫೋಲ್ಡರ್ ಕೂಡ ಆ ದೊಡ್ಡ ಫೋಲ್ಡರ್ ಒಳಗೇ. ಅದನ್ನು ಅಲ್ಲಿ ಇಟ್ಟವರು ಯಾರೋ, ನನಗಂತೂ ಗೊತ್ತಿಲ್ಲ.

ತೊಂದರೆ ಪರ್ಮಿಷನ್‌ನದ್ದು, ಅಂದರೆ ಯಾರು ಯಾವ ಫೈಲ್ ತೆರೆಯಬಹುದು ಅನ್ನುವ ಅನುಮತಿಯದ್ದು. ಏನಪ್ಪಾ ಅಂದರೆ, ಒಂದೇ ಫೋಲ್ಡರ್‌ನಲ್ಲಿ ಅಕ್ಕಪಕ್ಕ ಇರುವ ಎರಡು ಪಿಡಿಎಫ್‌ಗಳಲ್ಲಿ ಒಂದು ತೆರೆಯುತ್ತದೆ, ಇನ್ನೊಂದಕ್ಕೆ ಆ್ಯಕ್ಸೆಸ್ ಡಿನೈಡ್. ಮುಂದಿನ ಕೌಂಟರಿನ ಹುಡುಗಿಗೆ ಎರಡೂ ತೆರೆಯುತ್ತವೆ, ಆಡಿಟ್ ಮಾಡುವವರಿಗೆ ಒಂದೇ. ಒಂದು ಸೊಸೈಟಿಯ ಫೋಲ್ಡರ್ ಹೊಸದಾಗಿ ಸೇರಿದ ಯಾರಿಗೂ ತೆರೆಯುವುದಿಲ್ಲ. ಇದೆಲ್ಲಾ ಸಾಲದು ಅಂತ, ಯಾರಿಗೆ ಏನೂ ಕಾಣಬಾರದೋ ಆ ಟ್ರೈನಿ ಹುಡುಗರಿಗೆ ಸಂಬಳದ ಶೀಟ್ ಆರಾಮಾಗಿ ತೆರೆಯುತ್ತಿತ್ತು. ಅವರೇ ಬಂದು ಹೇಳಿದ್ದರಿಂದ ಗೊತ್ತಾಯಿತು, ಪುಣ್ಯಕ್ಕೆ ಒಳ್ಳೆಯ ಹುಡುಗರು.

ಮೊದಲು ವರ್ಷದ ಒಪ್ಪಂದದ ಮೇಲೆ ಹೊರಗಿನ ಊರಿಂದ ಒಬ್ಬರು ಬರುತ್ತಿದ್ದರು. ಅವರದ್ದು ಒಂದೇ ಔಷಧಿ. ಯಾವ ಫೋಲ್ಡರ್ ತೆರೆಯುವುದಿಲ್ಲವೋ ಅದರ ಮೇಲೆ ರೈಟ್ ಕ್ಲಿಕ್, ಸೆಕ್ಯುರಿಟಿ, ಎವ್ರಿವನ್, ಫುಲ್ ಕಂಟ್ರೋಲ್, ಓಕೆ. ಅಂದರೆ ಎಲ್ಲರಿಗೂ ಎಲ್ಲಾ ಅಧಿಕಾರ. ಆವತ್ತಿಗೆ ಎಲ್ಲಾ ತೆರೆಯುತ್ತಿತ್ತು. ಒಂದೆರಡು ವಾರ ಹೋದರೆ ಮತ್ತೆ ಅದೇ ಹಾಡು. ಕೊನೆಯ ಸಲ ಬಂದಾಗ ಅವರು ಅಡ್ವಾನ್ಸ್ಡ್ ಒಳಗೆ ಹೋಗಿ, ಕೆಳಗಿನ ಎಲ್ಲಾ ಫೋಲ್ಡರ್ ಫೈಲ್‌ಗಳ ಪರ್ಮಿಷನ್ ಅಳಿಸಿ ಮೇಲಿನದ್ದನ್ನೇ ಹಾಕುವ ಟಿಕ್ ಇದೆಯಲ್ಲ, ರಿಪ್ಲೇಸ್ ಆಲ್ ಚೈಲ್ಡ್ ಆಬ್ಜೆಕ್ಟ್ ಅಂತ ಶುರುವಾಗುವುದು, ಅದನ್ನು ಇಡೀ ಡ್ರೈವ್ ಮೇಲೆ ಹಾಕಲು ಹೊರಟಿದ್ದರು. ನಮ್ಮ ಸರ್ ಪಕ್ಕದಲ್ಲೇ ಇದ್ದರು, ‘ನಾಳೆ ನೋಡೋಣ’ ಅಂತ ತಡೆದರು. ಆ ಟಿಕ್ ಹಾಕಿದ್ದರೆ ಕೆಳಗೆ ಎಲ್ಲೆಲ್ಲಿ ಬೇಕಂತಲೇ ಬೇರೆ ಪರ್ಮಿಷನ್ ಕೊಟ್ಟಿತ್ತೋ ಅದೆಲ್ಲಾ ಹೋಗುತ್ತಿತ್ತು. ಅದಕ್ಕೆ ಅನ್‌ಡೂ ಬಟನ್ ಇಲ್ಲ.

ಆಮೇಲೆ ಈ ಅಂಗಡಿಗೆ ಫೋನ್ ಮಾಡಿದ್ದು. ಹುಡುಗ ಫೋನಿನಲ್ಲೇ ಕೇಳಿದ: ‘ತೆರೆಯೋದಿಲ್ಲ ಅನ್ನೋ ಫೈಲ್ ಅಲ್ಲಿಗೆ ಹ್ಯಾಂಗೆ ಬಂತು ಅಕ್ಕಾ? ಅಲ್ಲೇ ಮಾಡಿದ್ದಾ, ಕಾಪಿ ಮಾಡಿದ್ದಾ, ಕಟ್ ಮಾಡಿ ಪೇಸ್ಟ್ ಮಾಡಿದ್ದಾ?’ ಇಷ್ಟು ದಿನ ಯಾರೂ ಕೇಳದ ಪ್ರಶ್ನೆ. ನಾನು ಕೌಂಟರಿನ ಹುಡುಗಿಯನ್ನು ಕೇಳಿದೆ. ಸ್ಕ್ಯಾನ್ ಫೋಲ್ಡರ್‌ನಿಂದ ಕಟ್ ಮಾಡಿ ಪಾರ್ಟಿಯ ಫೋಲ್ಡರ್‌ಗೆ ಹಾಕುತ್ತೇನೆ, ಪುರುಸೊತ್ತು ಇಲ್ಲದಾಗ ಕಾಪಿ ಮಾಡಿ ಹಾಗೇ ಬಿಡುತ್ತೇನೆ ಅಂದಳು. ‘ಸರಿ, ಸಂಜೆ ಆರರ ಮೇಲೆ ಬರ್ತೆ, ಎಲ್ಲರೂ ಫೈಲ್ ಮುಚ್ಚಿ ಹೋಗಿರಲಿ’ ಅಂದ.

ಬಂದಿದ್ದು ಏಳೂವರೆಗೆ. ಮಳೆ ಹಿಡಿದಿತ್ತು, ಅದು ಬಿಡಿ.

ಬಂದವನು ಏನನ್ನೂ ಸರಿಮಾಡಲು ಹೋಗಲಿಲ್ಲ. ಮೊದಲು ಕಮಾಂಡ್ ಪ್ರಾಂಪ್ಟ್ ತೆರೆದು ಐಕ್ಯಾಕಲ್ಸ್ ಅನ್ನುವ ಕಮಾಂಡಿನಿಂದ ಈಗ ಇರುವ ಎಲ್ಲಾ ಪರ್ಮಿಷನ್‌ಗಳನ್ನು, ಹಾಳಾಗಿದ್ದರೂ ಸರಿ, ಇದ್ದ ಹಾಗೇ ಒಂದು ಫೈಲಿಗೆ ಸೇವ್ ಮಾಡಿಕೊಂಡ. ಏನಾದರೂ ಎಡವಟ್ಟಾದರೆ ಅದೇ ಕಮಾಂಡಿನ ರಿಸ್ಟೋರ್‌ನಿಂದ ವಾಪಸ್ ಹಾಕಬಹುದಂತೆ. ಓನರ್ ಯಾರು ಅನ್ನುವುದು ಮಾತ್ರ ಅದರಲ್ಲಿ ಸೇವ್ ಆಗುವುದಿಲ್ಲ, ಅದನ್ನೂ ಅವನೇ ಹೇಳಿದ. ನಾಲ್ಕು ಸ್ಟಾರ್‌ನಲ್ಲಿ ಎರಡು ಇದಕ್ಕೇ ಕೊಟ್ಟಿದ್ದು ಅಂದುಕೊಳ್ಳಿ.

ಆಮೇಲೆ ತೆರೆಯುವ ಒಂದು ಪಿಡಿಎಫ್, ತೆರೆಯದ ಒಂದು ಪಿಡಿಎಫ್ ತೆಗೆದುಕೊಂಡು ಎರಡರ ಪರ್ಮಿಷನ್ ಪಟ್ಟಿಯನ್ನೂ ಒಂದರ ಕೆಳಗೆ ಒಂದು ತೋರಿಸಿದ. ಆ ಕಮಾಂಡಿನಲ್ಲಿ, ಮೇಲಿನ ಫೋಲ್ಡರ್‌ನಿಂದ ಇಳಿದು ಬಂದ ಪರ್ಮಿಷನ್‌ಗೆ ಆವರಣದಲ್ಲಿ ಒಂದು ‘ಐ’ ಅಕ್ಷರ ಬರುತ್ತದೆ. ಎರಡು ಫೈಲಿಗೂ ‘ಐ’ ಇತ್ತು. ಆದರೆ ಒಂದರಲ್ಲಿ ಆಡಿಟ್‌ನವರ ಹೆಸರುಗಳಿವೆ, ಇನ್ನೊಂದರಲ್ಲಿ ಕೌಂಟರ್ ಮತ್ತು ಅಡ್ಮಿನ್ ಮಾತ್ರ. ಅಂದರೆ ಎರಡನೆಯದು ಈಗಿರುವ ಫೋಲ್ಡರ್‌ನ ಪರ್ಮಿಷನ್ ಪಡೆದೇ ಇಲ್ಲ, ಸ್ಕ್ಯಾನ್ ಫೋಲ್ಡರ್‌ನದ್ದನ್ನೇ ಇಟ್ಟುಕೊಂಡು ಕೂತಿದೆ!

ವಿಷಯ ಇಷ್ಟೇ. ಎನ್‌ಟಿಎಫ್‌ಎಸ್ (ವಿಂಡೋಸ್ ಡ್ರೈವ್‌ನಲ್ಲಿ ಫೈಲ್ ಇಡುವ ಪದ್ಧತಿ) ಇರುವ ಡ್ರೈವ್‌ನಲ್ಲಿ ಹೊಸ ಫೈಲ್ ಮಾಡಿದರೂ, ಕಾಪಿ ಮಾಡಿದರೂ, ಬೇರೆ ಡ್ರೈವ್‌ನಿಂದ ತಂದು ಹಾಕಿದರೂ ಅದು ಹೋಗಿ ಸೇರಿದ ಫೋಲ್ಡರ್‌ನ ಪರ್ಮಿಷನ್ ಪಡೆಯುತ್ತದೆ. ಅದೇ ಡ್ರೈವ್‌ನ ಒಳಗೇ ಕಟ್ ಮಾಡಿ ಪೇಸ್ಟ್ ಮಾಡಿದರೆ ಮಾತ್ರ ಹಳೆಯ ಪರ್ಮಿಷನ್ ಜೊತೆಗೇ ಬರುತ್ತದೆ. ಡ್ರೈವ್‌ನಲ್ಲಿ ಫೈಲ್ ನಿಜವಾಗಿ ಜಾಗ ಬದಲಿಸುವುದಿಲ್ಲ, ವಿಳಾಸ ಮಾತ್ರ ಬದಲಾಗುತ್ತದೆ, ಅದಕ್ಕೇ. ಕೌಂಟರಿನ ಹುಡುಗಿ ಕಟ್ ಮಾಡಿದವು ತೆರೆಯುತ್ತಿರಲಿಲ್ಲ, ಕಾಪಿ ಮಾಡಿದವು ತೆರೆಯುತ್ತಿದ್ದವು. ನಾವೆಲ್ಲಾ ವೈರಸ್ ಇರಬಹುದು ಅಂತ ಮಾತಾಡಿಕೊಂಡಿದ್ದೆವು.

ಹಳಬರು ಬಂದು ಹೋದ ಕೂಡಲೇ ಯಾಕೆ ಸರಿಯಾಗುತ್ತಿತ್ತು ಅನ್ನುವುದೂ ಇದರಿಂದಲೇ ಬಗೆಹರಿಯಿತು. ಮೇಲಿನ ಫೋಲ್ಡರ್‌ನಲ್ಲಿ ಏನೇ ಬದಲಾಯಿಸಿ ಓಕೆ ಒತ್ತಿದರೂ ವಿಂಡೋಸ್ ಕೆಳಗಿನದ್ದಕ್ಕೆಲ್ಲಾ ಹೊಸದಾಗಿ ಲೆಕ್ಕ ಹಾಕಿ ಇಳಿಸುತ್ತದೆ. ಆಗ ಕಟ್ ಮಾಡಿ ತಂದ ಫೈಲ್‌ಗಳೂ ಸರಿಯಾಗುತ್ತವೆ. ಎವ್ರಿವನ್‌ಗೆ ಫುಲ್ ಕಂಟ್ರೋಲ್ ಕೊಡುವ ಅಗತ್ಯವೇ ಇರಲಿಲ್ಲ! ಸುಮ್ನೆ ಬಾಗಿಲು ತೆರೆದಿಟ್ಟು ಹೋದರು, ಬಿಲ್ ಬೇರೆ ಮಾಡಿದರು. ಮಾರನೇ ದಿನದಿಂದ ಹುಡುಗಿ ಮತ್ತೆ ಕಟ್ ಮಾಡುತ್ತಾಳೆ, ಮತ್ತೆ ಶುರು.

ಇದು ಹೊಸ ವಿಂಡೋಸ್‌ನ ದೋಷವೂ ಅಲ್ಲ. ಎನ್‌ಟಿಎಫ್‌ಎಸ್ ಬಂದಿದ್ದು 1993ರಲ್ಲಿ, ಮೇಲಿಂದ ಕೆಳಗೆ ಹೀಗೆ ತಾನಾಗಿ ಇಳಿಯುವ ಇನ್‌ಹೆರಿಟೆನ್ಸ್ ವಿಂಡೋಸ್ 2000ದಿಂದ ಇದೆ. ಇಷ್ಟು ವರ್ಷದ ಹಳೆಯ ವಿಷಯ ಸರ್ವರ್ ನೋಡಿಕೊಳ್ಳಲು ಬರುವವರಿಗೆ ಗೊತ್ತಿರಬೇಕು, ಅಲ್ವಾ?

ಸೊಸೈಟಿಯ ಫೋಲ್ಡರ್‌ನ ಕಥೆ ಬೇರೆ. ಅದನ್ನು ವಿವರಿಸುವಾಗ ಹುಡುಗ ತೋಟದ ಉದಾಹರಣೆ ಕೊಟ್ಟ: ಮೇಲಿಂದ ಕಾಲುವೆಯಲ್ಲಿ ನೀರು ಬರ್ತಾ ಇದೆ, ಮಧ್ಯ ಯಾರೋ ಕಟ್ಟ ಹಾಕಿದ್ದಾರೆ, ಆವತ್ತು ಒಳಗಿದ್ದ ನೀರು ಹಾಗೇ ನಿಂತಿದೆ, ಹೊಸ ನೀರು ಬರೋದಿಲ್ಲ. ಯಾವ ಕಾಲದಲ್ಲೋ ಯಾರೋ ಆ ಫೋಲ್ಡರ್‌ಗೆ ಡಿಸೇಬಲ್ ಇನ್‌ಹೆರಿಟೆನ್ಸ್ ಒತ್ತಿದ್ದಾರೆ. ಒತ್ತಿದಾಗ ವಿಂಡೋಸ್ ಎರಡು ದಾರಿ ಕೊಡುತ್ತದೆ. ಬಂದ ಪರ್ಮಿಷನ್‌ಗಳನ್ನು ಇಲ್ಲಿಯದ್ದೇ ಮಾಡಿ ಇಟ್ಟುಕೊಳ್ಳುವುದು ಒಂದು, ಪೂರ್ತಿ ತೆಗೆದುಹಾಕುವುದು ಇನ್ನೊಂದು. ಅವರು ಮೊದಲನೆಯದನ್ನು ಆರಿಸಿದ್ದಾರೆ. ಹಾಗಾಗಿ ಆವತ್ತು ಇದ್ದವರಿಗೆಲ್ಲಾ ಸರಿಯಾಗಿಯೇ ತೆರೆಯುತ್ತದೆ, ಏನೋ ಆಗಿದೆ ಅಂತಲೇ ಗೊತ್ತಾಗುವುದಿಲ್ಲ. ಆಮೇಲೆ ಮೇಲಿನ ಫೋಲ್ಡರ್‌ಗೆ ಸೇರಿಸಿದ ಹೊಸಬರ ಹೆಸರು ಅಲ್ಲಿಗೆ ಇಳಿಯುವುದೇ ಇಲ್ಲ.

ಎಲ್ಲಕ್ಕಿಂತ ಮಜಾ ಸಂಬಳದ ಫೋಲ್ಡರ್‌ನದ್ದು. ಟ್ರೈನಿಗಳಿಗೆ ಅದು ಕಾಣಬಾರದು ಅಂತ ಮೇಲಿನ ದೊಡ್ಡ ಫೋಲ್ಡರ್‌ನಲ್ಲಿ ಅವರ ಗುಂಪಿಗೆ ಡಿನೈ (ನಿರಾಕರಣೆ) ಹಾಕಿ, ಅವರಿಗೆ ಬೇಕಾದ ಪಾರ್ಟಿ ಫೋಲ್ಡರ್‌ಗಳಲ್ಲಿ ಮಾತ್ರ ಬೇರೆಯಾಗಿ ಅಲೋ (ಅನುಮತಿ) ಕೊಟ್ಟಿದ್ದರು. ಡಿನೈ ಇದ್ದರೆ ಮುಗೀತು, ಅದೇ ಯಾವಾಗಲೂ ಗೆಲ್ಲುತ್ತದೆ ಅಂತ ಎಲ್ಲರೂ ನಂಬಿದ್ದೆವು, ನಮ್ಮ ಸರ್ ಸಮೇತ. ಹಾಗಲ್ಲವಂತೆ. ವಿಂಡೋಸ್ ಪಟ್ಟಿಯನ್ನು ಓದುವುದು ಈ ಕ್ರಮದಲ್ಲಿ: ಅದೇ ಫೋಲ್ಡರ್ ಮೇಲೆ ನೇರವಾಗಿ ಹಾಕಿದ ಡಿನೈ, ಆಮೇಲೆ ನೇರವಾಗಿ ಹಾಕಿದ ಅಲೋ, ಆಮೇಲೆ ಮೇಲಿಂದ ಇಳಿದ ಡಿನೈ, ಕೊನೆಗೆ ಮೇಲಿಂದ ಇಳಿದ ಅಲೋ. ಮೊದಲು ಉತ್ತರ ಎಲ್ಲಿ ಸಿಕ್ಕಿತೋ ಅಲ್ಲಿಗೆ ನಿಲ್ಲುತ್ತದೆ. ಸಂಬಳದ ಫೋಲ್ಡರ್ ಮೇಲೆ ಹಿಂದೆ ಯಾವಾಗಲೋ ಎವ್ರಿವನ್‌ಗೆ ನೇರವಾಗಿ ಅಲೋ ಕೊಟ್ಟಿತ್ತು, ಅದೇ ಔಷಧಿ! ಮೇಲಿಂದ ಇಳಿದ ಡಿನೈಗಿಂತ ಅದು ಮುಂದೆ ನಿಂತಿತು. ಟ್ರೈನಿಗಳಿಗೆ ಬಾಗಿಲು ತೆರೆಯಿತು.

ಇದನ್ನು ಅವನು ಬಾಯಲ್ಲಿ ಹೇಳಿ ಬಿಡಲಿಲ್ಲ. ಅಡ್ವಾನ್ಸ್ಡ್ ಒಳಗೆ ಎಫೆಕ್ಟಿವ್ ಆ್ಯಕ್ಸೆಸ್ ಅಂತ ಒಂದು ಟ್ಯಾಬ್ ಇದೆ, ಅಲ್ಲಿ ಒಬ್ಬ ಟ್ರೈನಿಯ ಹೆಸರು ಹಾಕಿ, ಎಲ್ಲಾ ಸಾಲಿಗೂ ಹಸಿರು ಗುರುತು ಬರುವುದನ್ನು ಸರ್‌ಗೆ ತೋರಿಸಿದ. ಸರ್ ಮುಖ ನೋಡಬೇಕಿತ್ತು.

ಇನ್ನೊಂದು ವಿಚಿತ್ರ. ಹತ್ತಾರು ಫೋಲ್ಡರ್‌ಗಳ ಪಟ್ಟಿಯಲ್ಲಿ ಎಸ್-1-5-21 ಅಂತ ಶುರುವಾಗುವ ಉದ್ದದ ಸಂಖ್ಯೆ ಕೂತಿತ್ತು. ಹ್ಯಾಕ್ ಆಗಿದೆಯಾ ಅಂತ ನನಗೆ ಎದೆ ಹೊಡೆದುಕೊಂಡಿತು. ಅದು ಕೆಲಸ ಬಿಟ್ಟುಹೋದ ಹಳೆಯ ಮ್ಯಾನೇಜರ್. ಅವರ ಅಕೌಂಟ್ ಅಳಿಸಿದ್ದೇವೆ, ಹೆಸರು ಹೋಗಿ ನಂಬರ್ ಉಳಿದಿದೆ. ಆದರೆ ಅಷ್ಟೊಂದು ಕಡೆ ಅವರ ಹೆಸರು ಬಂದಿದ್ದು ಹೇಗೆ? ಸರ್ವರ್ ಮೇಲೇ ಕೂತು ಫೋಲ್ಡರ್ ತೆರೆಯಲು ಹೋದಾಗ, ನಿಮಗೆ ಪರ್ಮಿಷನ್ ಇಲ್ಲ, ಕಂಟಿನ್ಯೂ ಒತ್ತಿದರೆ ಶಾಶ್ವತವಾಗಿ ಸಿಗುತ್ತದೆ ಅಂತ ಒಂದು ಪೆಟ್ಟಿಗೆ ಬರುತ್ತದಲ್ಲ, ಅಲ್ಲಿ ಕಂಟಿನ್ಯೂ ಒತ್ತಿದರೆ ವಿಂಡೋಸ್ ಒತ್ತಿದವರ ಹೆಸರನ್ನು ಆ ಫೋಲ್ಡರ್‌ನ ಪಟ್ಟಿಗೆ ಸೇರಿಸಿಬಿಡುತ್ತದೆ. ಮ್ಯಾನೇಜರ್ ಹೋದಲ್ಲೆಲ್ಲಾ ಒತ್ತಿದ್ದಾರೆ. ಯಾರಾದರೂ ಒತ್ತುತ್ತಾರೆ ಬಿಡಿ, ಆ ಪೆಟ್ಟಿಗೆ ಇರುವುದೇ ಹಾಗೆ.

ಸರಿಮಾಡಿದ್ದು ಹೇಗೆ ಅನ್ನುವುದನ್ನು ಸ್ವಲ್ಪ ಹೇಳುತ್ತೇನೆ, ಬೇರೆಯವರನ್ನು ಕರೆಸುವವರಿಗೂ ಕೇಳಲು ಉಪಯೋಗವಾಗುತ್ತದೆ. ಮೊದಲು ಒಬ್ಬೊಬ್ಬರ ಹೆಸರಿಗೆ ಪರ್ಮಿಷನ್ ಕೊಡುವುದನ್ನೇ ನಿಲ್ಲಿಸಿದ. ಕೌಂಟರ್, ಆಡಿಟ್, ಟ್ರೈನಿ, ಸಂಬಳ ಅಂತ ಗುಂಪು ಮಾಡಿ, ಗುಂಪಿಗೆ ಮಾತ್ರ ಪರ್ಮಿಷನ್. ಅದೂ ಮೇಲಿನ ಒಂದೆರಡು ಹಂತದಲ್ಲಿ ಮಾತ್ರ, ಅದರ ಕೆಳಗೆ ಯಾರೂ ಕೈಹಾಕುವಂತಿಲ್ಲ. ಡಿನೈ ಎಲ್ಲಾ ತೆಗೆದ. ಯಾರಿಗೆ ಬೇಡವೋ ಅವರ ಗುಂಪನ್ನು ಸೇರಿಸದೇ ಇದ್ದರೆ ಆಯಿತು, ಡಿನೈ ಯಾಕೆ ಅಂದ. ಫುಲ್ ಕಂಟ್ರೋಲ್ ಬದಲು ಮಾಡಿಫೈ ಕೊಟ್ಟ. ಮಾಡಿಫೈನಲ್ಲಿ ಬರೆಯಬಹುದು, ಅಳಿಸಬಹುದು, ಆದರೆ ಪರ್ಮಿಷನ್ ಬದಲಾಯಿಸಲು ಆಗುವುದಿಲ್ಲ. ನಮಗೆ ಬೇಕಿದ್ದಿದ್ದೂ ಅಷ್ಟೇ.

ಸಂಬಳದ ಫೋಲ್ಡರ್‌ ಅನ್ನು ಆ ದೊಡ್ಡ ಫೋಲ್ಡರ್‌ನಿಂದಲೇ ಹೊರಗೆ ತಂದು ಬೇರೆಯೇ ಮಾಡಿದ. ಸ್ಕ್ಯಾನ್ ಫೋಲ್ಡರ್‌ಗೆ ಮಾಡಿದ ಉಪಾಯ ನನಗೆ ತುಂಬಾ ಇಷ್ಟವಾಯಿತು. ಅದನ್ನು ಇ ಡ್ರೈವ್‌ಗೆ ಹಾಕಿದ. ಈಗ ಹುಡುಗಿ ಕಟ್ ಮಾಡಿದರೂ ಡ್ರೈವ್ ಬದಲಾಗುವುದರಿಂದ ಹೊಸ ಜಾಗದ ಪರ್ಮಿಷನ್ನೇ ಸಿಗುತ್ತದೆ. ಅವಳ ಅಭ್ಯಾಸ ಬದಲಾಯಿಸಲು ಯಾರೂ ಪಾಠ ಮಾಡಬೇಕಾಗಿಲ್ಲ. ಜನರನ್ನು ತಿದ್ದುವ ಬದಲು ಫೋಲ್ಡರ್ ಜಾಗ ಬದಲಾಯಿಸುವ ಬುದ್ಧಿ ಎಲ್ಲಾ ಸರ್ವಿಸ್‌ನವರಿಗೂ ಇರುವುದಿಲ್ಲ.

ಹಳೆಯ ಫೈಲ್‌ಗಳಿಗೆ ಐಕ್ಯಾಕಲ್ಸ್‌ನ ರಿಸೆಟ್ ಓಡಿಸಿದ. ಕೆಳಗಿನ ನೇರ ಪರ್ಮಿಷನ್ ಎಲ್ಲಾ ತೆಗೆದು ಮೇಲಿನದ್ದನ್ನು ಮಾತ್ರ ಇಳಿಸುತ್ತದೆ ಅದು. ಹಾಗಾದರೆ ಹಳಬರು ಹಾಕಲು ಹೋಗಿದ್ದ ಟಿಕ್‌ಗೂ ಇದಕ್ಕೂ ಏನು ವ್ಯತ್ಯಾಸ ಅಂತ ನಾನೂ ಕೇಳಿದೆ. ಕೆಲಸ ಹೆಚ್ಚುಕಮ್ಮಿ ಅದೇ. ಆದರೆ ಇವನು ಎಲ್ಲೆಲ್ಲಿ ಬೇರೆ ಪರ್ಮಿಷನ್ ಬೇಕು ಅಂತ ಸರ್ ಹತ್ತಿರ ಕೂತು ಪಟ್ಟಿ ಮಾಡಿದ ಮೇಲೆ, ಅವನ್ನು ಹೊರಗಿಟ್ಟು, ಬ್ಯಾಕಪ್ ಇಟ್ಟುಕೊಂಡು, ಮೊದಲು ಒಬ್ಬ ಪಾರ್ಟಿಯ ಫೋಲ್ಡರ್‌ನಲ್ಲಿ ಮಾತ್ರ ಓಡಿಸಿ, ಟ್ರೈನಿಯ ಕಂಪ್ಯೂಟರ್‌ನಿಂದ ತೆರೆದು ನೋಡಿ, ಆಮೇಲೆ ಉಳಿದದ್ದಕ್ಕೆ ಹೋದ. ಮಧ್ಯ ಕರೆಂಟ್ ಹೋಯಿತು. ಜುಲೈ ತಿಂಗಳ ಶಿರಸಿ, ಹೋಗದೇ ಇರುತ್ತದಾ? ಯುಪಿಎಸ್ ಹಿಡಿಯಿತು. ಬರುವ ಮೊದಲೇ ಫೋನಿನಲ್ಲಿ ಯುಪಿಎಸ್ ಬ್ಯಾಟರಿ ಹೇಗಿದೆ ಅಂತ ಅವನು ಕೇಳಿದ್ದು ಆಗ ನೆನಪಾಯಿತು.

ನೆಟ್‌ವರ್ಕ್‌ನಲ್ಲಿ ಹಂಚಿದ ಫೋಲ್ಡರ್‌ಗೆ ಹಾಕುವ ಶೇರ್ ಪರ್ಮಿಷನ್ ಬೇರೆ, ಫೋಲ್ಡರ್ ಪರ್ಮಿಷನ್ ಬೇರೆ ಅನ್ನುವುದನ್ನೂ ನೋಡಿದ. ನೆಟ್‌ವರ್ಕ್‌ನಿಂದ ಬರುವವರಿಗೆ ಎರಡರಲ್ಲಿ ಯಾವುದು ಬಿಗಿಯೋ ಅದೇ ಲೆಕ್ಕ. ಹೊಸದಾಗಿ ಮಾಡಿದ ಸ್ಕ್ಯಾನ್ ಶೇರ್‌ನಲ್ಲಿ ಎವ್ರಿವನ್‌ಗೆ ಓದುವ ಅನುಮತಿ ಮಾತ್ರ ಇತ್ತು, ಅದನ್ನು ಬದಲಾಯಿಸದೇ ಹೋಗಿದ್ದರೆ ಬೆಳಿಗ್ಗೆ ಸ್ಕ್ಯಾನರ್ ಒಂದೂ ಫೈಲ್ ಹಾಕುತ್ತಿರಲಿಲ್ಲ.

ಜೊತೆಗೆ ಒಂದು ಸಣ್ಣ ಸೆಟ್ಟಿಂಗ್ ಹಾಕಿದ. ಯಾರಿಗೆ ಪರ್ಮಿಷನ್ ಇಲ್ಲವೋ ಅವರಿಗೆ ಆ ಫೋಲ್ಡರ್ ಕಾಣುವುದೇ ಇಲ್ಲ. ಆ್ಯಕ್ಸೆಸ್ ಬೇಸ್ಡ್ ಎನ್ಯುಮರೇಷನ್ ಅಂತ ಅದರ ಹೆಸರು, ಬಾಯಿ ತಿರುಗುವುದಿಲ್ಲ. ಟ್ರೈನಿಗಳಿಗೆ ಈಗ ಅವರವರ ಪಾರ್ಟಿ ಫೋಲ್ಡರ್ ಮಾತ್ರ ಕಾಣುತ್ತದೆ. ಮುಚ್ಚಿದ ಬಾಗಿಲೇ ಕಾಣದಿದ್ದರೆ ‘ಇದು ಯಾಕೆ ತೆರೆಯೋದಿಲ್ಲ ಮೇಡಂ’ ಅಂತ ನನ್ನ ಹತ್ತಿರ ಬರುವವರೂ ಇಲ್ಲ. ನನ್ನ ಅರ್ಧ ತಲೆನೋವು ಹೋಗಿದ್ದು ಇದರಿಂದ.

ಹೋಗುವಾಗ ಎಲ್ಲರೂ ನಾಳೆ ಒಂದು ಸಲ ಸೈನ್ ಔಟ್ ಮಾಡಿ ಮತ್ತೆ ಒಳಗೆ ಬರಬೇಕು ಅಂದಿದ್ದ. ಯಾರು ಯಾವ ಗುಂಪಿನಲ್ಲಿದ್ದಾರೆ ಅನ್ನುವುದನ್ನು ವಿಂಡೋಸ್ ನೋಡುವುದು ಲಾಗಿನ್ ಆಗುವಾಗ, ಆಮೇಲೆ ಗುಂಪಿಗೆ ಸೇರಿಸಿದರೆ ಮತ್ತೆ ಲಾಗಿನ್ ಆಗುವವರೆಗೆ ಗೊತ್ತಾಗುವುದಿಲ್ಲ. ನಮ್ಮ ಹಿರಿಯ ಅಕೌಂಟೆಂಟ್ ಒಬ್ಬರು ಕಂಪ್ಯೂಟರ್ ಆಫ್ ಮಾಡುವವರಲ್ಲ, ಲಾಕ್ ಮಾಡಿ ಮನೆಗೆ ಹೋಗುವವರು. ಬೆಳಿಗ್ಗೆ ಬಂದು ‘ಎಂತ ಮಾಡಿ ಹೋಯ್ದ್ನೋ ಆ ಮಾಣಿ, ಯಾವುದೂ ತೆರೀತಿಲ್ಲೆ’ ಅಂತ ಆಫೀಸ್ ಎಲ್ಲಾ ಕೇಳುವ ಹಾಗೆ ಕೂಗಿದರು. ಸೈನ್ ಔಟ್ ಮಾಡಿಸಿದೆ. ಆಮೇಲೆ ಸುಮ್ಮನಾದರು, ಚಹಾ ಕುಡಿದರು.

ಇನ್ನು ಕಡಿಮೆಯಾದ ಸ್ಟಾರ್. ಫೋನ್ ಎತ್ತುವುದಿಲ್ಲ. ಎತ್ತಿದರೆ ಬರುತ್ತೇನೆ ಅಂದ ಹೊತ್ತಿಗೆ ಬರುವುದಿಲ್ಲ. ಎಷ್ಟಾಗುತ್ತದೆ ಅಂತ ಮೊದಲು ಕೇಳಿದರೆ ‘ನೋಡ್ವ ಅಕ್ಕಾ’ ಅನ್ನುವುದೇ ಉತ್ತರ. ಕೊನೆಗೆ ತೆಗೆದುಕೊಂಡಿದ್ದು ನ್ಯಾಯವಾದ ದುಡ್ಡೇ, ಹಳಬರ ವರ್ಷದ ಒಪ್ಪಂದಕ್ಕೆ ಹೋಲಿಸಿದರೆ ಏನೂ ಅಲ್ಲ. ಆದರೆ ಅಂದಾಜನ್ನಾದರೂ ಮೊದಲು ಹೇಳಬೇಕಲ್ಲ. ಬಿಲ್ ಅಂತ ಕೊಟ್ಟಿದ್ದು ನೋಟ್‌ಬುಕ್ಕಿನ ಹಾಳೆಯಲ್ಲಿ ಬರೆದ ಎರಡು ಸಾಲು, ತಾರೀಖು ಇಲ್ಲ, ಸಹಿ ಇಲ್ಲ. ಬೇರೆ ಎಲ್ಲಾದರೂ ನಡೆಯುತ್ತದೇನೋ, ಆಡಿಟ್ ಆಫೀಸಿಗೆ ಬಂದು ಹಾಗೆ ಮಾಡಿದರೆ ಹೇಗೆ? ವೌಚರ್‌ಗೆ ಏನು ಅಂಟಿಸುವುದು? ಅದನ್ನು ಹೇಳಿದ್ದಕ್ಕೆ ನಕ್ಕ.

ಮಜಾ ಅಂದರೆ, ಅದೇ ಹುಡುಗ ಸರ್ವರ್ ಬಗ್ಗೆ ಕೊಟ್ಟ ಹಾಳೆ ಅಚ್ಚುಕಟ್ಟಾಗಿದೆ. ಯಾವ ಫೋಲ್ಡರ್, ಯಾವ ಗುಂಪು, ಯಾವ ಹಂತದ ಅನುಮತಿ, ಇನ್‌ಹೆರಿಟೆನ್ಸ್ ಎಲ್ಲಿ ನಿಲ್ಲಿಸಿದೆ, ಪರ್ಮಿಷನ್ ಬ್ಯಾಕಪ್ ಎಲ್ಲಿದೆ, ವಾಪಸ್ ಹಾಕಬೇಕಾದರೆ ಯಾವ ಫೋಲ್ಡರ್ ಮೇಲೆ ಹಾಕಬೇಕು, ಎಲ್ಲಾ ಒಂದೇ ಪುಟದಲ್ಲಿ. ಕೆಳಗೆ ದಪ್ಪ ಅಕ್ಷರದಲ್ಲಿ, ಸರ್ವರ್ ಮೇಲೆ ಕೂತು ಕಂಟಿನ್ಯೂ ಒತ್ತಬೇಡಿ ಅಂತ. ನಾಳೆ ಇವನು ಊರು ಬಿಟ್ಟು ಬೆಂಗಳೂರಿಗೆ ಹೋದರೂ, ಹೋಗುವವನೇ ಅನಿಸುತ್ತದೆ, ಮುಂದೆ ಬರುವವರು ಅದನ್ನು ನೋಡಿ ಕೆಲಸ ಮಾಡಬಹುದು. ಹಳಬರು ಪಾಸ್‌ವರ್ಡ್ ಕೂಡ ಬರೆದುಕೊಟ್ಟಿರಲಿಲ್ಲ.

ಯಾರಿಗೆ ಇವರು ಸರಿಹೋಗುತ್ತಾರೆ? ಹತ್ತು ಹನ್ನೆರಡು ಕಂಪ್ಯೂಟರ್, ಒಂದು ವಿಂಡೋಸ್ ಸರ್ವರ್, ಇಷ್ಟರೊಳಗಿನ ಆಫೀಸಿಗೆ ಕಣ್ಣುಮುಚ್ಚಿ ಕರೆಸಿ. ಲಿನಕ್ಸ್ ಮೇಲಿನ ಶೇರ್ ಆದರೆ ಅವರೇ ಕೈಯೆತ್ತುತ್ತಾರೆ, ಅಲ್ಲಿಯ ಪರ್ಮಿಷನ್ ಲೆಕ್ಕವೇ ಬೇರೆ ಅಂತ ನೇರವಾಗಿ ಹೇಳಿದರು. ಕುಮಟಾ, ಅಂಕೋಲಾ, ಕಾರವಾರದವರು ಫೋನ್ ಮಾಡಿದರೆ ದೂರದಿಂದಲೇ ಲಾಗಿನ್ ಆಗಿ ನೋಡುತ್ತಾರಂತೆ. ಮಳೆಗಾಲದಲ್ಲಿ ದೇವಿಮನೆ ಘಟ್ಟ ಇಳಿಯುವ ಮಾತೇ ಇಲ್ಲ ಅಂದ. ರಾತ್ರಿ ಉದ್ದದ ಕೆಲಸ ಇದ್ದರೆ ಮೊದಲು ನಿಮ್ಮ ಯುಪಿಎಸ್ ನೋಡಿಕೊಳ್ಳಿ.

ಎಸ್-1-5-21ರ ಒಂದಷ್ಟು ನಂಬರ್ ಮೇಲಿನ ಹಂತದ ಫೋಲ್ಡರ್‌ಗಳಲ್ಲಿ ಇನ್ನೂ ಉಳಿದಿವೆ. ಅದರಿಂದ ತೊಂದರೆ ಏನಿಲ್ಲ, ರಿಟರ್ನ್ಸ್ ಗಡಿಬಿಡಿ ಮುಗಿಯಲಿ, ಬಂದು ತೆಗೆದುಕೊಡುತ್ತೇನೆ ಅಂದಿದ್ದಾನೆ. ಆವತ್ತಾದರೂ ಬಿಲ್ ಬುಕ್ ತಂದರೆ ಐದನೇ ಸ್ಟಾರ್ ಹಾಕುತ್ತೇನೆ.